ಅಂಟುತ್ತದೆ, ಚಾರ್ಜ್ ಆಗುವುದಿಲ್ಲ: ಮ್ಯಾಗ್ನೆಟ್ ಕೇಬಲ್‌ನ ತೊಂದರೆ ಹುಡುಕುವ ಬಗೆ

"ಅಂಟ್ತದೆ, ಲೈಟೂ ಬರ್ತದೆ, ಚಾರ್ಜ್ ಮಾತ್ರ ಆಗುದಿಲ್ಲ ಮಾರಾಯ್ರೆ." ಬದಿಯಡ್ಕ, ಕುಂಬಳೆ ಕಡೆಯ ಮೊಬೈಲ್ ಅಂಗಡಿಗಳಿಗೆ ಮ್ಯಾಗ್ನೆಟ್ ಕೇಬಲ್ (ತುದಿಯ ಮ್ಯಾಗ್ನೆಟ್‌ನಿಂದ ಫೋನಿಗೆ ಅಂಟುವ ಚಾರ್ಜಿಂಗ್ ಕೇಬಲ್) ಹಿಡಿದುಕೊಂಡು ಬರುವವರ ದೂರು ಹೆಚ್ಚುಕಡಿಮೆ ಇದೇ. ಅದರ ಬೆನ್ನಿಗೇ "ಫೋನಿನ ಬೋರ್ಡ್ ಹೋಯ್ತಾ?" ಎಂಬ ಹೆದರಿಕೆಯೂ ಬರುತ್ತದೆ. ಸಾಮಾನ್ಯವಾಗಿ ಬೋರ್ಡಿಗೆ ಏನೂ ಆಗಿರುವುದಿಲ್ಲ. ಬೋರ್ಡ್ ಬಿಚ್ಚಿಸುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ತುಂಬ ಉಂಟು.

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಮ್ಯಾಗ್ನೆಟ್‌ನ ಕೆಲಸ ಹಿಡಿದುಕೊಳ್ಳುವುದು ಮಾತ್ರ. ಕರೆಂಟ್ ಹರಿಸುವುದು ಅದರ ನಡುವೆ ಇರುವ ಬಂಗಾರದ ಬಣ್ಣದ ಸಣ್ಣ ಪಿನ್‌ಗಳು. ಆ ಪಿನ್‌ಗಳ ಹಿಂದೆ ಕೂದಲಿನಷ್ಟು ಸಪೂರದ ಸ್ಪ್ರಿಂಗ್ ಇರುತ್ತದೆ. ಮ್ಯಾಗ್ನೆಟ್ "ಟಕ್" ಎಂದು ಗಟ್ಟಿಯಾಗಿ ಹಿಡಿದಿರುವಾಗಲೂ ಪಿನ್ ಒಳಗೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಅದರ ಮೇಲೆ ಕೊಳೆಯ ತೆಳು ಪದರ ಕೂತಿರಬಹುದು. ಅಂಟಿದ ಸದ್ದು ಕೇಳಿತು ಎಂದು ನಂಬಿ ಮಲಗಿದರೆ ಬೆಳಗ್ಗೆ 12 ಪರ್ಸೆಂಟ್.

ಮುಂದೆ ಗೊಂದಲ ಆಗಬಾರದೆಂದು ಹೆಸರುಗಳನ್ನು ಹೀಗೆ ಇಟ್ಟುಕೊಳ್ಳೋಣ. ಫೋನಿನ ಪೋರ್ಟಿನೊಳಗೆ ಕೂರುವ ಸಣ್ಣ ತುಂಡು ಟಿಪ್. ಕೇಬಲ್‌ನ ತುದಿಯಲ್ಲಿ ಅದಕ್ಕೆ ಅಂಟುವ ಭಾಗ ಹೆಡ್. ಹೆಡ್‌ಗಳಲ್ಲಿ ಎರಡು ಜಾತಿ. ಒಂದು ಗುಂಡಗಿನದು, ಯಾವ ದಿಕ್ಕಿನಿಂದ ಬೇಕಾದರೂ ಅಂಟುತ್ತದೆ. ಅದರಲ್ಲಿ ಎರಡು, ಮೂರು ಅಥವಾ ಐದಾರು ಸಂಪರ್ಕಗಳಷ್ಟೇ ಇರುತ್ತವೆ. ಇನ್ನೊಂದು ಉದ್ದಕ್ಕಿರುವುದು, ಸಾಲಾಗಿ ತುಂಬ ಪಿನ್‌ಗಳಿರುವಂಥದ್ದು. ಟೈಪ್ ಸಿ ಪೋರ್ಟಿನಲ್ಲಿ ಒಟ್ಟು 24 ಪಿನ್‌ಗಳಿವೆ. ಗುಂಡಗಿನ ಹೆಡ್ ಅವುಗಳಲ್ಲಿ ಬಹಳಷ್ಟನ್ನು ಬಿಟ್ಟೇ ಬಿಟ್ಟಿರುತ್ತದೆ. ಕೆಳಗೆ ಬರುವ ಅರ್ಧ ತೊಂದರೆಗಳ ಮೂಲ ಅಲ್ಲೇ ಇದೆ. ಫೋನಿನ ಬೆನ್ನಿಗೆ ಬಿಲ್ಲೆಯ ಹಾಗೆ ಅಂಟುವ ವೈರ್‌ಲೆಸ್ ಚಾರ್ಜರ್ ಬೇರೆಯೇ ವಿಷಯ, ಅದು ಇಲ್ಲಿಲ್ಲ.

ಮೊದಲ ಪರೀಕ್ಷೆ

ಟಿಪ್ ತೆಗೆಯಿರಿ. ಅದೇ ಚಾರ್ಜರಿಗೆ, ಅದೇ ಫೋನಿಗೆ ಮಾಮೂಲಿ ಕೇಬಲ್ ಹಾಕಿ. ಚಾರ್ಜ್ ಆದರೆ ಫೋನೂ ಸರಿ, ಚಾರ್ಜರೂ ಸರಿ, ತೊಂದರೆ ಮ್ಯಾಗ್ನೆಟ್ ಕೇಬಲ್‌ನದ್ದೇ. ಆಗದಿದ್ದರೆ ಈ ಬರಹವನ್ನು ಪಕ್ಕಕ್ಕಿಟ್ಟು ಚಾರ್ಜರ್, ಪೋರ್ಟ್ ನೋಡಿಸಿ. ಇಷ್ಟು ಸುಲಭದ ಪರೀಕ್ಷೆಯನ್ನೂ ಮಾಡದೆ ಅಂಗಡಿಗೆ ಬರುವವರೇ ಜಾಸ್ತಿ. ಮನೆಯಲ್ಲಿ ಮಾಮೂಲಿ ಕೇಬಲ್ ಒಂದೂ ಉಳಿದಿಲ್ಲ ಎನ್ನುವವರು ಪಕ್ಕದ ಮನೆಯಿಂದ ತನ್ನಿ.

ಆಮೇಲೆ ಹೆಡ್‌ನ ಲೈಟ್ ನೋಡಿ. ಈ ನೀಲಿ ಅಥವಾ ಬಿಳಿ ಲೈಟ್ ಹೇಳುವುದು ಒಂದೇ ಮಾತು: ಗೋಡೆಯಿಂದ ಇಲ್ಲಿವರೆಗೆ ವೋಲ್ಟೇಜ್ ಬಂದಿದೆ. ಫೋನಿಗೆ ಹೋಗುತ್ತಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಆದ್ದರಿಂದ ಲೈಟ್ ಇಲ್ಲ ಎಂದರೆ ಗೋಡೆಯ ಕಡೆ ಹುಡುಕಿ. ಲೈಟ್ ಇದ್ದೂ ಚಾರ್ಜ್ ಇಲ್ಲ ಎಂದರೆ ಫೋನಿನ ಕಡೆ ಹುಡುಕಿ.

ಲೈಟೇ ಬರುತ್ತಿಲ್ಲ

ನಮ್ಮ ಕಡೆ ಮೊದಲು ನೋಡಬೇಕಾದದ್ದು ಗೋಡೆಯ ಪ್ಲಗ್. ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದ ಚಾರ್ಜರ್ ಇಲ್ಲದ ಮನೆ ಕಡಿಮೆ. ದುಬೈ, ಅಬುಧಾಬಿಯ ಚಾರ್ಜರಿಗೆ ಚಪ್ಪಟೆಯಾದ ಮೂರು ಕಾಲು. ನಮ್ಮ ಸಾಕೆಟ್ಟಿಗೆ ಉರುಟು ಕಾಲು ಬೇಕು. ನಡುವೆ ಒಂದು ಕನ್ವರ್ಟರ್ ಪ್ಲಗ್ ಬರುತ್ತದೆ. ಅದು ಸಡಿಲವಾಗಿದ್ದರೆ ಫ್ಯಾನಿನ ಗಾಳಿಗೆ ಕೇಬಲ್ ಅಲ್ಲಾಡಿದರೂ ಕರೆಂಟ್ ಹೋಗಿ ಬರುತ್ತದೆ. ಬೈಗುಳ ತಿನ್ನುವುದು ಮಾತ್ರ ಮ್ಯಾಗ್ನೆಟ್ ಕೇಬಲ್. ಕನ್ವರ್ಟರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅಥವಾ "ಚಿಟಿಚಿಟಿ" ಸದ್ದು ಬಂದರೆ ಅದನ್ನು ಇವತ್ತೇ ಬದಲಾಯಿಸಿ. ವೋಲ್ಟೇಜ್ ಬಗ್ಗೆ ಚಿಂತೆ ಬೇಡ. ಇಂಥ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಮಳೆಗಾಲದಲ್ಲಿ ಲೈನ್ ವೋಲ್ಟೇಜ್ ಕೆಳಗಿಳಿದರೂ ಅವು ಕೆಲಸ ಮಾಡುತ್ತವೆ.

ಪ್ಲಗ್ ಸರಿ ಇದ್ದರೆ ಮುಂದಿನ ಪ್ರಶ್ನೆ: ಕೇಬಲ್‌ನ ಚಾರ್ಜರ್ ಕಡೆಯ ತುದಿ ಹಳೆಯ ಅಗಲದ ಯುಎಸ್‌ಬಿ ಎ ಜಾತಿಯದೋ, ಟೈಪ್ ಸಿ ಜಾತಿಯದೋ? ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಕೇಬಲ್ ಎಸೆಯುವವರು ಇದ್ದಾರೆ, ಒಳ್ಳೆಯ ಚಾರ್ಜರ್ ಎಸೆಯುವವರೂ ಇದ್ದಾರೆ.

ಹಳೆಯ ಎ ಪೋರ್ಟ್ ಸದಾ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಎದುರಿಗೆ ಫೋನ್ ಇರಲಿ, ಇಲ್ಲದಿರಲಿ. ಟೈಪ್ ಸಿ ಪೋರ್ಟ್ ಹಾಗಲ್ಲ. ಎದುರಿಗೆ ಯಾರಾದರೂ ಇದ್ದಾರಾ ಎಂದು ಅದು ಮೊದಲು ವಿಚಾರಿಸುತ್ತದೆ. ವಿಚಾರಿಸುವುದು ಸಿಸಿ ಎಂಬ ತಂತಿಯ ಮೂಲಕ. ಫೋನಿನೊಳಗೆ ಆ ತಂತಿಗೆ 5.1 ಕಿಲೋ ಓಮ್‌ನ ರೆಸಿಸ್ಟರ್ (ಕರೆಂಟಿಗೆ ಅಡ್ಡ ಹಿಡಿಯುವ ಸಣ್ಣ ಬಿಡಿಭಾಗ) ಇರುತ್ತದೆ. ಅದು ಕಂಡರೆ ಮಾತ್ರ ಚಾರ್ಜರ್ ಕರೆಂಟ್ ಬಿಡುತ್ತದೆ. ಈಗ ಎರಡೋ ಮೂರೋ ಪಿನ್‌ನ ಗುಂಡಗಿನ ಹೆಡ್ ನೆನಪು ಮಾಡಿಕೊಳ್ಳಿ. ಅದರಲ್ಲಿ ಸಿಸಿಗೆ ಜಾಗವೇ ಇಲ್ಲ. ಚಾರ್ಜರ್ ವಿಚಾರಿಸುತ್ತದೆ, ಉತ್ತರ ಬರುವುದಿಲ್ಲ, ಸುಮ್ನೆ ಕೂರುತ್ತದೆ. ಲೈಟೂ ಇಲ್ಲ, ಚಾರ್ಜೂ ಇಲ್ಲ. ಕೇಬಲ್ ಕೆಟ್ಟಿಲ್ಲ, ಚಾರ್ಜರೂ ಕೆಟ್ಟಿಲ್ಲ. ಎರಡಕ್ಕೂ ಹೊಂದಿಕೆ ಇಲ್ಲ ಅಷ್ಟೇ. ಎ ಪೋರ್ಟಿನ ಚಾರ್ಜರ್, ಎ ತುದಿಯ ಕೇಬಲ್ ಹಾಕಿದರೆ ತೊಂದರೆ ಮುಗಿಯಿತು.

ಕೆಲವು ತಯಾರಕರು ಇದಕ್ಕೊಂದು ಅಡ್ಡದಾರಿ ಹಿಡಿಯುತ್ತಾರೆ. ಆ 5.1 ಕಿಲೋ ಓಮ್ ರೆಸಿಸ್ಟರನ್ನು ಕೇಬಲ್‌ನೊಳಗೇ ಕೂರಿಸಿಬಿಡುತ್ತಾರೆ. ಫೋನ್ ಇಲ್ಲದಿದ್ದರೂ ಇದೆ ಎಂದು ಚಾರ್ಜರ್ ನಂಬುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಚಾರ್ಜರ್ ಕಡೆಯ ತುದಿ ಟೈಪ್ ಸಿ ಇರುವ ಮ್ಯಾಗ್ನೆಟ್ ಕೇಬಲ್ ಅನ್ನು ಟೈಪ್ ಸಿ ಚಾರ್ಜರಿಗೆ ಹಾಕಿ, ಫೋನಿಗೆ ಅಂಟಿಸಬೇಡಿ. ಖಾಲಿ ಹೆಡ್‌ನಲ್ಲೇ ಲೈಟ್ ಉರಿದರೆ ಅದು ಇಂಥ ಕೇಬಲ್ ಇರಬೇಕು. ಮಂಚದ ಮೇಲೆ ಸದಾ ಕರೆಂಟ್ ಇರುವ ಬೆತ್ತಲೆ ಪಿನ್ ಬಿದ್ದಿದೆ ಎಂದರ್ಥ. 5 ವೋಲ್ಟ್ ಮನುಷ್ಯರಿಗೆ ಶಾಕ್ ಕೊಡುವುದಿಲ್ಲ ನಿಜ. ಆದರೆ ಅದಕ್ಕೆ ಮ್ಯಾಗ್ನೆಟ್ ಇದೆ. ಹೊಲಿಗೆ ಸೂಜಿ, ಸೇಫ್ಟಿ ಪಿನ್, ಸ್ಟೇಪ್ಲರ್ ಪಿನ್, ಎಲ್ಲವನ್ನೂ ಅದೇ ಕರೆದು ಅಂಟಿಸಿಕೊಂಡು ಶಾರ್ಟ್ ಮಾಡಿಕೊಳ್ಳುತ್ತದೆ. ಎ ತುದಿಯ ಕೇಬಲ್‌ಗಳಿಗೂ ಇದೇ ಮಾತು. ಬಳಸದಾಗ ಗೋಡೆಯ ಸ್ವಿಚ್ ಆಫ್ ಮಾಡಿ.

ಲೈಟ್ ಇದೆ, ಚಾರ್ಜ್ ಇಲ್ಲ

ಇಲ್ಲಿ ನಿಧಾನವಾಗಿ ನೋಡಬೇಕು. ಟಿಪ್‌ನಿಂದ ಶುರು ಮಾಡಿ. ಅದು ಪೋರ್ಟಿನೊಳಗೆ ಪೂರ್ತಿ ಕೂತಿದೆಯಾ? ದಪ್ಪ ಕವರ್ ಇರುವ ಫೋನಿನಲ್ಲಿ ಟಿಪ್‌ನ ಅಂಚು ಕವರಿಗೆ ತಾಗಿ ಅರ್ಧ ಮಿ.ಮೀ. ಹೊರಗೇ ನಿಲ್ಲುತ್ತದೆ. ಕವರ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಕಾರಣ ಅಂಗಿ ಜೇಬಿನ ನೂಲು, ಧೂಳು. ಮ್ಯಾಗ್ನೆಟ್ ಟಿಪ್ ತಿಂಗಳುಗಟ್ಟಲೆ ಪೋರ್ಟಿನಲ್ಲೇ ಇರುತ್ತದೆ. ಹಾಕುವಾಗ ಒಳಗಿದ್ದ ಕಸವನ್ನು ಅದು ತಳಕ್ಕೆ ಒತ್ತಿ ಗಟ್ಟಿ ಮಾಡಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲ ಕೆರೆದು ತೆಗೆಯಿರಿ. ಸೂಜಿ ಬೇಡ. ಪೋರ್ಟಿನ ನಡುವೆ ಇರುವ ತೆಳ್ಳಗಿನ ನಾಲಿಗೆ ಮುರಿದರೆ ಆಗ ನಿಜವಾಗಿಯೂ ಅಂಗಡಿಯ ಕೆಲಸ.

ಟಿಪ್ ಸರಿಯಾಗಿ ಕೂತಿದ್ದರೆ ಪಿನ್‌ಗಳನ್ನು ನೋಡಿ. ಚಾರ್ಜರನ್ನು ಗೋಡೆಯಿಂದ ಕಳಚಿ, ಫೋನಿನ ಟಾರ್ಚ್ ಬಿಟ್ಟು ಹೆಡ್‌ನೊಳಗೆ ನೋಡಿ. ಸ್ಪ್ರಿಂಗ್ ಪಿನ್‌ಗಳೆಲ್ಲ ಒಂದೇ ಎತ್ತರದಲ್ಲಿ ಇರಬೇಕು. ಒಂದು ಕೆಳಗಿದ್ದರೆ ಅದು ಸಿಕ್ಕಿಕೊಂಡಿದೆ. ಹಲ್ಲುಕಡ್ಡಿಯಿಂದ ಒತ್ತಿ ಬಿಟ್ಟು ನೋಡಿ, ಮೇಲೆ ಬರಬೇಕು. ಬಾರದಿದ್ದರೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಮತ್ತೆ ಒತ್ತಿ. ಮೊಬೈಲ್ ರಿಪೇರಿಯವರಲ್ಲಿ ಐಪಿಎ ಎಂದು ಕೇಳಿದರೆ ಸಿಗುತ್ತದೆ. ಗಲ್ಫಿನ ಸೆಂಟ್ ಹಾಕಿ ಉಜ್ಜುವವರೂ ಇದ್ದಾರೆ. ಪರಿಮಳ ಬರುತ್ತದೆ, ಜೊತೆಗೆ ಅದರ ಎಣ್ಣೆ ಪಿನ್ ಮೇಲೆ ಉಳಿಯುತ್ತದೆ.

ಇನ್ನು ಕೊಳೆಯ ವಿಷಯ. ಮಾಮೂಲಿ ಕೇಬಲ್‌ಗೆ ಇಲ್ಲದ ಒಂದು ದುರಭ್ಯಾಸ ಮ್ಯಾಗ್ನೆಟ್ ಕೇಬಲ್‌ಗೆ ಇದೆ. ಅದು ಕಬ್ಬಿಣದ ಪುಡಿಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಗ್ರಿಲ್, ಗೇಟ್ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರ ಫೋನ್ ನೋಡಿ. ಟಿಪ್ ಸುತ್ತ ಕಪ್ಪು ಮೀಸೆ ಬೆಳೆದಿರುತ್ತದೆ. ಕಡಲತೀರದ ಮರಳಿನಲ್ಲೂ ಮ್ಯಾಗ್ನೆಟ್‌ಗೆ ಅಂಟುವ ಕಪ್ಪು ಕಣಗಳಿರುತ್ತವೆ. ಬೇಕಲದ ಬೀಚಿಗೆ ಹೋಗಿ ಫೋನನ್ನು ಟವೆಲ್ ಮೇಲೆ ಇಟ್ಟು ಬಂದವರಿಗೆ ಇದು ಗೊತ್ತಿರಬಹುದು. ಈ ಪುಡಿ ಬ್ರಶ್ ಹಾಕಿದರೆ ಹೋಗುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಅಷ್ಟೇ. ಸೆಲ್ಲೋಟೇಪ್ ತೆಗೆದುಕೊಳ್ಳಿ, ಅಂಟು ಬದಿಯನ್ನು ಒತ್ತಿ, ನೇರ ಮೇಲಕ್ಕೆ ಎಳೆಯಿರಿ. ಹೊಸ ತುಂಡು ಹಾಕಿ ಮತ್ತೆ ಒತ್ತಿ. ಟೇಪ್ ಸ್ವಚ್ಛವಾಗಿ ಬರುವವರೆಗೆ ಮಾಡಿ. ಎರಡು ಪಿನ್‌ಗಳ ನಡುವೆ ಇಂಥ ಪುಡಿ ಸೇತುವೆ ಕಟ್ಟಿದರೆ ಚಾರ್ಜ್ ನಿಲ್ಲುವುದಷ್ಟೇ ಅಲ್ಲ, ಹೆಡ್ ಬಿಸಿಯಾಗುತ್ತದೆ.

ಮೂರನೆಯದು ತೇವ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಒಣಗಲಿಕ್ಕೇ ದಿನಗಟ್ಟಲೆ ಬೇಕು. ಕಡಲು ಹತ್ತಿರ ಇದ್ದರೆ ಗಾಳಿಯಲ್ಲಿ ಉಪ್ಪು ಬೇರೆ. ಬರೀ ತೇವದಿಂದ ಬಂಗಾರದ ಲೇಪ ಬೇಗ ಹಾಳಾಗುವುದಿಲ್ಲ. ಹಾಳು ಮಾಡುವುದು ತೇವ, ಉಪ್ಪು ಮತ್ತು ವೋಲ್ಟೇಜ್ ಮೂರೂ ಸೇರಿದಾಗ. ಪಾಸಿಟಿವ್ ಪಿನ್‌ನಿಂದ ನೆಗೆಟಿವ್ ಕಡೆಗೆ ಆ ತೇವದ ಮೂಲಕ ಸಣ್ಣ ಕರೆಂಟ್ ಹರಿಯುತ್ತದೆ. ಪಾಸಿಟಿವ್ ಪಿನ್‌ನ ಲೋಹ ಸ್ವಲ್ಪಸ್ವಲ್ಪವೇ ಕರಗಿ ಹೋಗುತ್ತದೆ. ಆದ್ದರಿಂದಲೇ ಹೆಡ್‌ನಲ್ಲಿ ಒಂದೇ ಒಂದು ಪಿನ್ ಕಪ್ಪಾಗಿ ಅಥವಾ ಹಸಿರಾಗಿ, ಉಳಿದವು ಹೊಳೆಯುತ್ತಾ ಇರುವುದನ್ನು ಕಾಣಬಹುದು. ಗುಂಡಗಿನ ಹೆಡ್‌ಗಳಲ್ಲಿ ಹೆಚ್ಚಾಗಿ ಅದು ನಡುವಿನ ಪಿನ್. ಸುತ್ತಲಿನ ಬಳೆ ನೆಗೆಟಿವ್.

ಹಸಿರು ಕಿಲುಬು ಹೊಸದಾಗಿದ್ದರೆ ಆಲ್ಕೋಹಾಲ್ ಮತ್ತು ಮೆತ್ತಗಿನ ಹಳೆಯ ಟೂತ್‌ಬ್ರಶ್ ಸಾಕು. ಸ್ಯಾಂಡ್‌ಪೇಪರ್ ಹಾಕಬೇಡಿ. ಬಂಗಾರದ ಲೇಪ ಬಹಳ ತೆಳ್ಳಗಿನದು. ಅದನ್ನು ಉಜ್ಜಿ ತೆಗೆದರೆ ಆ ಹೊತ್ತಿಗೆ ಚೆನ್ನಾಗಿ ಚಾರ್ಜ್ ಆಗುತ್ತದೆ, ಮುಂದಿನ ಮಳೆಗೆ ಒಳಗಿನ ಲೋಹವೇ ತುಕ್ಕು ಹಿಡಿಯುತ್ತದೆ. ಪಿನ್‌ನಲ್ಲಿ ಗುಳಿ ಬಿದ್ದಿದ್ದರೆ ರಿಪೇರಿಯ ಆಸೆ ಬಿಡಿ.

ಫೋನಿನ ಪರದೆಯಲ್ಲಿ ನೀರಿನ ಹನಿಯ ಚಿತ್ರ ಬಂದು ಚಾರ್ಜ್ ನಿಂತರೆ ಅದು ಪೋರ್ಟಿನೊಳಗಿನ ತೇವದ ಎಚ್ಚರಿಕೆ. ಟಿಪ್ ಒಳಗೇ ಇದ್ದರೆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಟಿಪ್ ಕಳಚಿ, ಪೋರ್ಟ್ ಕೆಳಮುಖ ಮಾಡಿ, ಫ್ಯಾನಿನ ಕೆಳಗೆ ಇಡಿ. ಕುಚ್ಚಲಕ್ಕಿ ಡಬ್ಬದಲ್ಲಿ ಹೂಳುವುದರಿಂದ ಅಕ್ಕಿಯ ಪುಡಿ ಪೋರ್ಟಿಗೆ ಹೋಗುತ್ತದೆಯೇ ಹೊರತು ಬೇರೆ ಲಾಭ ಇಲ್ಲ. ಮಳೆಗಾಲದಲ್ಲಿ ರಾತ್ರಿ ಟಿಪ್ ತೆಗೆದಿಡುವುದು ಒಳ್ಳೆಯದು. ಮ್ಯಾಗ್ನೆಟ್ ಕೇಬಲ್ ತಂದದ್ದೇ ಟಿಪ್ ತೆಗೆಯದಿರಲಿಕ್ಕೆ ಅಲ್ವಾ ಎಂದು ಕೇಳಬಹುದು. ಹೌದು. ಆದರೆ ಇಲ್ಲಿನ ಜೂನ್–ಜುಲೈ ಆ ವಾದ ಕೇಳುವುದಿಲ್ಲ.

ಕೊನೆಯದಾಗಿ, ಟಿಪ್ ಈ ಕೇಬಲ್‌ನದ್ದೇ ಹೌದಾ? ಮನೆಯಲ್ಲಿ ಎರಡು ಮೂರು ಮ್ಯಾಗ್ನೆಟ್ ಕೇಬಲ್ ಇದ್ದರೆ ಟಿಪ್‌ಗಳು ಬೆರಕೆಯಾಗುತ್ತವೆ. ಇವಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆ ಎಂಬುದಿಲ್ಲ. ಯುಎಸ್‌ಬಿಯ ನಿಯಮದಲ್ಲಿ ಮ್ಯಾಗ್ನೆಟ್ ಟಿಪ್ ಎಂಬ ವಸ್ತುವೇ ಇಲ್ಲ. ಒಬ್ಬರು ಕರೆಂಟ್ ಕೊಡುವ ಜಾಗದಲ್ಲಿ ಇನ್ನೊಬ್ಬರು ಡೇಟಾ ತಂತಿ ಇಟ್ಟಿರುತ್ತಾರೆ. ನೋಡಲು ಒಂದೇ ಥರ, ಅಂಟುವುದೂ ಚೆನ್ನಾಗಿ. ಅದೃಷ್ಟ ಇದ್ದರೆ ಚಾರ್ಜ್ ಆಗುವುದಿಲ್ಲ ಅಷ್ಟೇ. ಅದೃಷ್ಟ ಕೆಟ್ಟರೆ ಡೇಟಾ ಪಿನ್‌ಗೆ 5 ವೋಲ್ಟ್ ಹೋಗುತ್ತದೆ. ಒಂದೇ ಕಂಪನಿಯ ಸೆಟ್‌ಗೆ ಒಂದು ಬಣ್ಣದ ನೇಲ್ ಪಾಲಿಶ್ ಚುಕ್ಕೆ ಇಡಿ, ಕೇಬಲ್‌ಗೂ ಟಿಪ್‌ಗಳಿಗೂ.

ಆಗುತ್ತದೆ, ಆದರೆ ಆಮೆ ನಡಿಗೆ

ರಾತ್ರಿ ಇಟ್ಟರೂ ಬೆಳಗ್ಗೆ ತುಂಬಿರುವುದಿಲ್ಲ ಎಂಬ ದೂರಿಗೆ ಸ್ವಲ್ಪ ಲೆಕ್ಕ ಬೇಕು. 5,000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವ್ಯಾಟ್-ಗಂಟೆ. ಫೋನ್ 5 ವೋಲ್ಟ್‌ನಲ್ಲಿ 2 ಆಂಪಿಯರ್ ಎಳೆದರೆ 10 ವ್ಯಾಟ್, ಎರಡೂವರೆ ಗಂಟೆಯ ಆಸುಪಾಸು ಸಾಕು. ಅರ್ಧ ಆಂಪಿಯರ್ ಮಾತ್ರ ಎಳೆದರೆ 2.5 ವ್ಯಾಟ್. ಎಂಟು ಗಂಟೆಯೂ ಸಾಲದು.

ಅರ್ಧ ಆಂಪಿಯರ್ ಯಾಕೆ? ಎ ಪೋರ್ಟಿನ ಚಾರ್ಜರಿನೊಳಗೆ ಎರಡು ಡೇಟಾ ತಂತಿಗಳನ್ನು ಒಂದಕ್ಕೊಂದು ಸೇರಿಸಿರುತ್ತಾರೆ. ಅದನ್ನು ನೋಡಿದ ಫೋನ್ "ಇದು ಗೋಡೆಯ ಚಾರ್ಜರ್, 1.5 ಆಂಪಿಯರ್ ಎಳೆಯಬಹುದು" ಎಂದು ತಿಳಿದುಕೊಳ್ಳುತ್ತದೆ. ಎರಡೇ ಸಂಪರ್ಕದ ಹೆಡ್‌ನಲ್ಲಿ ಡೇಟಾ ತಂತಿಗಳು ಫೋನನ್ನು ಮುಟ್ಟುವುದೇ ಇಲ್ಲ. ಕೆಲವು ಟಿಪ್‌ಗಳಲ್ಲಿ ಅವನ್ನು ಒಳಗೇ ಸೇರಿಸಿರುತ್ತಾರೆ, ಆಗ ತೊಂದರೆ ಇಲ್ಲ. ಸೇರಿಸದಿದ್ದರೆ ಫೋನ್ ಇದನ್ನು ಕಂಪ್ಯೂಟರ್ ಪೋರ್ಟ್ ಎಂದುಕೊಂಡು 500 ಮಿಲಿಆಂಪಿಯರ್‌ಗೆ ನಿಲ್ಲುತ್ತದೆ.

ಫಾಸ್ಟ್ ಚಾರ್ಜ್ ಬರುತ್ತಿಲ್ಲ ಎಂಬುದನ್ನು ದೋಷ ಎನ್ನಲಿಕ್ಕೇ ಆಗುವುದಿಲ್ಲ. ಕ್ವಿಕ್ ಚಾರ್ಜ್, ಪವರ್ ಡೆಲಿವರಿ ಎಂಬವು ವೇಗವಾಗಿ ಚಾರ್ಜ್ ಮಾಡುವ ಎರಡು ವಿಧಾನ. ಕ್ವಿಕ್ ಚಾರ್ಜ್‌ಗೆ ಡೇಟಾ ತಂತಿ ಬೇಕು. ಪವರ್ ಡೆಲಿವರಿಗೆ ಸಿಸಿ ತಂತಿ ಬೇಕು. ಒಪ್ಪೋ, ಒನ್‌ಪ್ಲಸ್, ರಿಯಲ್‌ಮಿಯ ವೇಗದ ಚಾರ್ಜಿಂಗಿಗೆ ಅವರದೇ ಚಾರ್ಜರ್, ಅವರದೇ ಕೇಬಲ್ ಬೇಕು. ಗುಂಡಗಿನ ಮ್ಯಾಗ್ನೆಟ್ ಕೇಬಲ್‌ನಿಂದ ಅದನ್ನು ನಿರೀಕ್ಷಿಸಬೇಡಿ. ಪೆಟ್ಟಿಗೆಯ ಮೇಲೆ ಏನೇ ದೊಡ್ಡ ಅಕ್ಷರದಲ್ಲಿ ಬರೆದಿರಲಿ.

ಆದರೆ ಮೊದಲು ವೇಗವಾಗಿ ಆಗುತ್ತಿದ್ದದ್ದು ಈಗ ನಿಧಾನ ಆಗಿದ್ದರೆ ಅದು ದೋಷವೇ. ಪಿನ್ ಮೇಲೆ ಕೊಳೆ ಕೂತಾಗ ಅಲ್ಲಿ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಕಾಲು ಓಮ್ ಎಂದು ಇಟ್ಟುಕೊಳ್ಳಿ. 2 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಅಲ್ಲೇ ನಷ್ಟ. 5 ವೋಲ್ಟ್ ಹೊರಟದ್ದು 4.5 ಆಗಿ ತಲುಪುತ್ತದೆ. ವೋಲ್ಟೇಜ್ ಕುಸಿಯುವುದನ್ನು ಕಂಡ ಫೋನ್ ತಾನೇ ಕರೆಂಟ್ ಕಡಿಮೆ ಮಾಡುತ್ತದೆ. ಹೀಗೆ ನಷ್ಟವಾದ ಶಕ್ತಿ ಎಲ್ಲಿ ಹೋಗುತ್ತದೆ? ಅದೇ ಪುಟ್ಟ ಹೆಡ್‌ನಲ್ಲಿ ಒಂದು ವ್ಯಾಟ್ ಬಿಸಿಯಾಗಿ. ಆದ್ದರಿಂದ ನಿಧಾನ ಮತ್ತು ಬಿಸಿ ಎರಡೂ ಒಟ್ಟಿಗೆ ಬಂದರೆ ಪಿನ್ ಶುಚಿ ಮಾಡುವುದೇ ಮೊದಲ ಕೆಲಸ. ನಿಧಾನ ಇದೆ, ಹೆಡ್ ತಣ್ಣಗಿದೆ ಎಂದರೆ ಡೇಟಾ ತಂತಿಯ ಕಥೆ ಇರಬಹುದು, ಇಲ್ಲವೇ ತಂತಿಯೇ ಸಪೂರ. ಒಂದು ಮೀಟರ್ ಕೇಬಲ್‌ನಲ್ಲಿ 28 ಗೇಜ್‌ನ ಸಪೂರ ತಂತಿ ಇದ್ದರೆ ಹೋಗಿ ಬರುವ ದಾರಿಗೆ 0.4 ಓಮ್ ದಾಟುತ್ತದೆ. 24 ಗೇಜ್‌ನ ದಪ್ಪ ತಂತಿ ಇದ್ದರೆ 0.17ರ ಹತ್ತಿರ. ಎರಡು ಮೀಟರ್ ಉದ್ದದ ಅಗ್ಗದ ಕೇಬಲ್ ಯಾಕೆ ಸೊರಗುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಯುಎಸ್‌ಬಿ ಮೀಟರ್ ಎಂಬ ಚಿಕ್ಕ ಡಬ್ಬಿ ಸಿಗುತ್ತದೆ, ಚಾರ್ಜರ್ ಮತ್ತು ಕೇಬಲ್ ನಡುವೆ ಹಾಕುವಂಥದ್ದು. ಅದು ಇದ್ದರೆ ಊಹೆ ಬೇಡ. ಬ್ಯಾಟರಿ 20ರಿಂದ 50 ಪರ್ಸೆಂಟ್ ನಡುವೆ ಇರುವಾಗ, ಪರದೆ ಆಫ್ ಮಾಡಿ, ಮಾಮೂಲಿ ಕೇಬಲ್‌ನಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ. ಕೂಡಲೇ ಮ್ಯಾಗ್ನೆಟ್ ಕೇಬಲ್ ಹಾಕಿ ನೋಡಿ. 80 ಪರ್ಸೆಂಟ್ ದಾಟಿದ ಮೇಲೆ ಅಳೆದರೆ ಅರ್ಥವಿಲ್ಲ, ಆಗ ಫೋನ್ ತಾನಾಗಿಯೇ ನಿಧಾನ ಮಾಡುತ್ತದೆ. ಸೊನ್ನೆ ತೋರಿಸಿದರೆ ಪಿನ್ ಮುಟ್ಟುತ್ತಿಲ್ಲ. 0.5ರ ಹತ್ತಿರ ಕಲ್ಲಿನ ಹಾಗೆ ನಿಂತಿದ್ದರೆ ಡೇಟಾ ತಂತಿ. ಏರಿಳಿಯುತ್ತಾ ಕುಣಿದರೆ ಕೊಳೆ ಅಥವಾ ಸಡಿಲ ಪಿನ್. ಹೆಡ್ ಅನ್ನು ಬೆರಳಲ್ಲಿ ತುಸು ಒತ್ತಿದಾಗ ಅಂಕಿ ಮೇಲೇರಿದರೆ ಸ್ಪ್ರಿಂಗ್ ಸೋತಿರಬಹುದು.

ಹೋಗಿ ಬಂದು ಮಾಡುತ್ತದೆ

ಮೇಜಿನ ಮೇಲೆ ಸರಿ ಇದ್ದು ಬೈಕಿನಲ್ಲಿ ಮಾತ್ರ ಹೀಗಾದರೆ ಹುಡುಕಲಿಕ್ಕೆ ಏನೂ ಇಲ್ಲ. ಮುಳ್ಳೇರಿಯ ಕಡೆಯ ತಿರುವು, ಗುಂಡಿಗಳಲ್ಲಿ ಮ್ಯಾಗ್ನೆಟ್ ಬಿಡದಿದ್ದರೂ ಪಿನ್ ಕುಣಿಯುತ್ತದೆ. ಪ್ರತಿ ಸಲ ಬಿಟ್ಟು ಹಿಡಿಯುವಾಗ ಕಣ್ಣಿಗೆ ಕಾಣದ ಕಿಡಿ ಹಾರಿ ಪಿನ್ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ. ಬೈಕಿಗೆ ಮಾಮೂಲಿ ಕೇಬಲ್ ಬಳಸಿ.

ಅದೇ ಬೈಕಿನಲ್ಲಿ ಇನ್ನೊಂದು ವಿಚಿತ್ರ ದೂರು ಬರುತ್ತದೆ. ಮ್ಯಾಪ್‌ನ ಬಾಣ ತಪ್ಪು ದಿಕ್ಕಿಗೆ ಮುಖ ಮಾಡುತ್ತದೆ ಎಂದು. ಜಾಗ ಸರಿಯಾಗಿಯೇ ತೋರಿಸುತ್ತದೆ, ಅದು ಉಪಗ್ರಹದ ಲೆಕ್ಕ. ದಿಕ್ಕು ತೋರಿಸುವುದು ಫೋನಿನೊಳಗಿನ ದಿಕ್ಸೂಚಿ. ಪಕ್ಕದಲ್ಲೇ ಮ್ಯಾಗ್ನೆಟ್ ಇಟ್ಟರೆ ಅದು ಪಾಪ ಏನು ಮಾಡೀತು? ಟಿಪ್ ಕಳಚಿ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಸರಿಹೋಗುತ್ತದೆ.

ಫೈಲ್ ಹೋಗುತ್ತಿಲ್ಲ, ಕಂಪ್ಯೂಟರಿಗೆ ಫೋನ್ ಕಾಣುತ್ತಿಲ್ಲ ಎಂಬುದಕ್ಕೆ ಉತ್ತರ ಆಗಲೇ ಬಂತು. ಡೇಟಾ ಪಿನ್ ಇಲ್ಲದ ಹೆಡ್‌ನಲ್ಲಿ ಡೇಟಾ ಹೋಗುವುದಿಲ್ಲ.

ವಾಚ್, ತಲೆ ಲೈಟ್ ಇತ್ಯಾದಿ

ಫೋನಿಗೆ ಮ್ಯಾಗ್ನೆಟ್ ಕೇಬಲ್ ಅನುಕೂಲಕ್ಕೆ. ಸ್ಮಾರ್ಟ್ ವಾಚ್, ಮಕ್ಕಳ ಕಾಲಿಂಗ್ ವಾಚ್, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರ ಕೆಲವು ತಲೆ ಲೈಟ್‌ಗಳಿಗೆ ಬೇರೆ ದಾರಿಯೇ ಇಲ್ಲ. ಇಲ್ಲಿ ಕೇಬಲ್ ಕಳೆದುಹೋಗಿ, ನೋಡಲು ಹಾಗೇ ಇರುವ ಇನ್ನೊಂದನ್ನು ತರುವುದರಿಂದಲೇ ಹೆಚ್ಚಿನ ತೊಂದರೆ.

ಎರಡು ಪಿನ್‌ನ ವಾಚ್ ಕೇಬಲ್‌ಗಳಲ್ಲಿ ಪಿನ್‌ಗಳ ನಡುವಿನ ದೂರ ಬೇರೆಬೇರೆ. 2.84 ಮಿ.ಮೀ., 4 ಮಿ.ಮೀ., 7.62 ಮಿ.ಮೀ. ಎಂಬ ಅಳತೆಗಳು ಸಾಮಾನ್ಯ. ದೂರ ಹೊಂದಿದರೂ ಸಾಲದು, ಪಾಸಿಟಿವ್ ಯಾವ ಕಡೆ ಎಂಬುದೂ ಹೊಂದಬೇಕು. ಮ್ಯಾಗ್ನೆಟ್‌ನ ಮುಖ ಉಲ್ಟಾ ಇದ್ದರೆ ಅದು ತಳ್ಳುತ್ತದೆ, ಅದು ಒಳ್ಳೆಯ ಸೂಚನೆ. ಕೈಯಲ್ಲಿ ಒತ್ತಿ ಹಿಡಿದು ಚಾರ್ಜ್ ಮಾಡಲು ಹೋಗಬೇಡಿ. ಕೆಲವೊಮ್ಮೆ ಚೆನ್ನಾಗಿ ಅಂಟಿಯೂ ಪ್ಲಸ್–ಮೈನಸ್ ಅದಲುಬದಲಾಗಿರುತ್ತದೆ. ಹೊಸ ಕೇಬಲ್ ತಂದಾಗ ಹಳೆಯದೂ ಇದ್ದರೆ ಮಲ್ಟಿಮೀಟರಿನಲ್ಲಿ ಎರಡನ್ನೂ ಅಳೆದು, ಪ್ಲಸ್ ಒಂದೇ ಕಡೆ ಇದೆಯಾ ನೋಡಿ. ಹಳೆಯದು ಇಲ್ಲದಿದ್ದರೆ ವಾಚ್‌ನ ಮಾಡೆಲ್ ಹೆಸರು ಹೇಳಿಯೇ ಕೊಳ್ಳಿ.

ಬೆವರು ವಾಚ್‌ನ ದೊಡ್ಡ ಶತ್ರು. ತೋಟದ ಕೆಲಸ ಮಾಡಿ ಬಂದು ಕಟ್ಟಿದ ಹಾಗೆಯೇ ಬಿಚ್ಚಿ ಚಾರ್ಜಿಗೆ ಇಟ್ಟರೆ, ಮೇಲೆ ಹೇಳಿದ ತೇವ, ಉಪ್ಪು, ವೋಲ್ಟೇಜ್ ಮೂರೂ ಸೇರಿದವು. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಟಿಸಿ.

ಕರೆಂಟ್ ಹೋದಾಗ ಪವರ್ ಬ್ಯಾಂಕಿಗೆ ಹಾಕಿದರೆ ವಾಚ್ ಚಾರ್ಜ್ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ ಎಂದು ಕೆಲವರು ಕೇಬಲ್ ಬದಲಾಯಿಸುತ್ತಾರೆ. ವಾಚ್ ಎಳೆಯುವ ಕರೆಂಟ್ ತೀರಾ ಕಡಿಮೆ. ಅಷ್ಟು ಕಡಿಮೆ ಕಂಡಾಗ "ಯಾರೂ ಇಲ್ಲ" ಎಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಬಟನನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ಅದು ಇಲ್ಲದಿದ್ದರೆ ಇನ್ನೊಂದು ಪೋರ್ಟಿಗೆ ಫೋನನ್ನೂ ಹಾಕಿಡಿ, ಎಚ್ಚರವಾಗಿರುತ್ತದೆ.

ಪರೀಕ್ಷೆ ಮಾಡದೆ ನಿಲ್ಲಿಸಬೇಕಾದಾಗ

ಹೆಡ್ ಬೆರಳಿಟ್ಟು ತಡೆಯಲಾಗದಷ್ಟು ಬಿಸಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ವಾಸನೆ. ಇವುಗಳಲ್ಲಿ ಒಂದು ಇದ್ದರೂ ಸ್ವಿಚ್ ಆಫ್ ಮಾಡಿ, ಕೇಬಲ್ ಎಸೆಯಿರಿ. ಶುಚಿ ಮಾಡಿ ಇನ್ನೊಮ್ಮೆ ನೋಡೋಣ ಎಂಬ ಯೋಚನೆ ಬೇಡ. ನಿಯೋಡಿಮಿಯಂ ಮ್ಯಾಗ್ನೆಟ್‌ನ ಸಾಮಾನ್ಯ ದರ್ಜೆಯವು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಮ್ಮ ಬಲವನ್ನೂ ಶಾಶ್ವತವಾಗಿ ಕಳೆದುಕೊಳ್ಳುತ್ತವೆ. ಬಿಸಿಯಾದ ಮೇಲೆ ಹಿಡಿತ ಸಡಿಲ, ಹಿಡಿತ ಸಡಿಲವಾದರೆ ಮತ್ತೂ ಬಿಸಿ.

ಲ್ಯಾಪ್‌ಟಾಪಿಗೆ ಉದ್ದನೆಯ ಜಾತಿಯ ಮ್ಯಾಗ್ನೆಟ್ ಟಿಪ್ ಬಳಸುವವರಿಗೆ ನನ್ನ ಮಾತು ಸ್ವಲ್ಪ ಕಠಿಣ ಅನ್ನಿಸಬಹುದು: ಬೇಡ. ಅಲ್ಲಿ 5 ವೋಲ್ಟ್ ಅಲ್ಲ, 20 ವೋಲ್ಟ್ ಇರುತ್ತದೆ. ಟೈಪ್ ಸಿ ಪೋರ್ಟಿನಲ್ಲಿ ಕರೆಂಟಿನ ಪಿನ್ ಪಕ್ಕದಲ್ಲೇ ಸಿಸಿ ಪಿನ್ ಇದೆ. ಅದು 5 ವೋಲ್ಟ್‌ನ ಆಸುಪಾಸಿಗೆ ಮಾಡಿದ್ದು. ಮಾಮೂಲಿ ಯುಎಸ್‌ಬಿ ಪ್ಲಗ್‌ನಲ್ಲಿ ಕರೆಂಟ್ ಮತ್ತು ಗ್ರೌಂಡ್ ಪಿನ್‌ಗಳು ಉಳಿದವಕ್ಕಿಂತ ಉದ್ದ. ಮೊದಲು ಅವು ಮುಟ್ಟುತ್ತವೆ, ಕೊನೆಗೆ ಅವೇ ಬಿಡುತ್ತವೆ. ಮ್ಯಾಗ್ನೆಟ್ ಹೆಡ್‌ನಲ್ಲಿ ಈ ಶಿಸ್ತು ಇಲ್ಲ. ಓರೆಯಾಗಿ ಎಳೆದರೆ ಯಾವ ಪಿನ್ ಯಾವುದನ್ನು ಸವರಿಕೊಂಡು ಹೋಗುತ್ತದೋ ಹೇಳಲಾಗದು. ಆಪಲ್ 2006ರಲ್ಲಿ ಲ್ಯಾಪ್‌ಟಾಪಿಗೆ ಮ್ಯಾಗ್‌ಸೇಫ್ ತಂದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಚಾರ್ಜರ್, ಕೇಬಲ್, ಲ್ಯಾಪ್‌ಟಾಪ್ ಮೂರನ್ನೂ ಒಬ್ಬರೇ ಒಂದಕ್ಕೊಂದು ಹೊಂದುವಂತೆ ಮಾಡಿದ್ದು. ಇಲ್ಲಿ ಮೂವರು ಅಪರಿಚಿತರು ಒಂದು ಬೆಂಚಿನಲ್ಲಿ ಕೂತಿದ್ದಾರೆ.

ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದರೆ ಈ ಹೆಡ್ ಅನ್ನು ಅವರ ಎದೆಯಿಂದ ಕನಿಷ್ಠ 15 ಸೆಂ.ಮೀ. ದೂರ ಇಡಿ. ಟಿಪ್ ಇರುವ ಫೋನನ್ನು ಅಂಗಿಯ ಎದೆಜೇಬಿಗೆ ಹಾಕುವುದು ಬೇಡ. ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯೂ ಮ್ಯಾಗ್ನೆಟ್‌ನಿಂದ ಕೆಡಬಹುದು, ಚಿಪ್ಪಿಗೆ ಏನೂ ಆಗುವುದಿಲ್ಲ.

ಹೊಸದು ಕೊಳ್ಳುವಾಗ ಹೆಡ್‌ನಲ್ಲಿ ಎಷ್ಟು ಪಿನ್, ಡೇಟಾ ಹೋಗುತ್ತದಾ, ಟಿಪ್ ಬಿಡಿಯಾಗಿ ಸಿಗುತ್ತದಾ ಎಂದು ಕೇಳಿ. ಮೂರನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಬಿಟ್ಟುಬಿಡಿ, ಟಿಪ್ ಕಳೆದುಹೋದ ದಿನ ಕೇಬಲ್ ಬರೀ ದಾರ. ಕೈ ನಡುಗುವ, ಕಣ್ಣು ಮಂಜಾದ ಅಜ್ಜ ಅಜ್ಜಿಯರಿಗೆ ಇದು ನಿಜಕ್ಕೂ ಒಳ್ಳೆಯ ವಸ್ತು. ಅವರಿಗೆ ಕೊಡುವಾಗ 5 ವೋಲ್ಟ್‌ನ ಎ ಪೋರ್ಟ್ ಚಾರ್ಜರನ್ನೇ ಜೊತೆಗೆ ಕೊಡಿ. ಹಾಳಾದ ಹಳೆಯದನ್ನು ತೆಂಗಿನ ಬುಡಕ್ಕೆ ಎಸೆಯಬೇಡಿ, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರು ಇ-ತ್ಯಾಜ್ಯ ತೆಗೆದುಕೊಳ್ಳುವುದು ಯಾವಾಗ ಎಂದು ಕೇಳಿ ಅವರಿಗೇ ಕೊಡಿ.